ಉಪ್ಪು ಬಿದ್ದ ಬಲಿಪೂಜೆಯ ರೊಟ್ಟಿ

ಕೊಳ್ಳೇಗಾಲದ ಸೀಮೆಯಲ್ಲಿ ಹೊನ್ನಕಟ್ಟೆ ಎಂಬ ನಮ್ಮ ಊರಿದೆ. ಅಲ್ಲಿಯ ಆರೋಗ್ಯಮಾತೆಯ ದೇವಾಲಯದ ಎಡಬದಿಗೆ ನಾಡಹೆಂಚಿನ ನಾಲ್ಕು ಕೋಣೆಗಳ ಒಂದು ಕನ್ಯಾಮಠವಿತ್ತು. ಪೂಜ್ಯ ಮದರ್ ಬ್ರಿಜಿತಾ ಅವರು ಇಪ್ಪತ್ತಾರು ವರ್ಷಗಳ ಕಾಲ ಆ ಮಠದ ಹಿರಿಯರಾಗಿದ್ದರು. ಹಿರಿಯರಾದರೂ ಅವರಿಗೆಂದು ಬೇರೆ ಕೋಣೆ ಇರಲಿಲ್ಲ. ಔಷಧಿಯ ಕಪಾಟಿನ ಹಿಂದೆ ಒಂದು ಹಗ್ಗದ ಮಂಚ, ಗೋಡೆಯ ಮೇಲೊಂದು ಶಿಲುಬೆ, ಅಷ್ಟೇ. ಊರಿನ ಎಲ್ಲ ಜಾತಿಯವರೂ ಅವರನ್ನು ಮದರಮ್ಮನವರು ಎಂದೇ ಕರೆಯುತ್ತಿದ್ದರು. ದೊಡ್ಡ ಪಟ್ಟಣಗಳವರಿಗೆ ಗೋಪುರವಿರುವ ದೊಡ್ಡ ದೇವಾಲಯಗಳಿದ್ದವು. ನಮಗೆ ಮದರಮ್ಮನವರಿದ್ದರು. ಹಾಗೆ ಹೇಳಿಕೊಳ್ಳಲು ನಮ್ಮೂರಿನವರು ಎಂದೂ ಹಿಂಜರಿದವರಲ್ಲ.

ಮದರಮ್ಮನವರೂ ಸೇರಿ ಆ ಮಠದ ಐವರು ಸಿಸ್ಟರುಗಳು ಬೆಳಗಿನ ಪ್ರಾರ್ಥನೆ ಮುಗಿಸಿ ರೋಗಿಗಳನ್ನು ನೋಡುತ್ತಿದ್ದರು, ಹೆರಿಗೆ ಮಾಡಿಸುತ್ತಿದ್ದರು, ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದರು. ಇವೆಲ್ಲದರ ಜೊತೆಗೆ ಸುತ್ತಲಿನ ಹನ್ನೊಂದು ದೇವಾಲಯಗಳಿಗೆ, ಬಲಿಪೂಜೆಯಲ್ಲಿ ಯೇಸುವಿನ ಶರೀರವೆಂದು ಅರ್ಪಿಸಿ ಹಂಚುವ ರೊಟ್ಟಿಯನ್ನು ಮಾಡಿಕೊಡುವ ಸೇವೆಯೂ ಅವರದಾಗಿತ್ತು. ಜಪಸರದ ಪ್ರಾರ್ಥನೆ ಹೇಳುತ್ತಲೇ ಗೋಧಿಯನ್ನು ಬೀಸುವರು. ಹಿಟ್ಟನ್ನು ನೀರಿನಲ್ಲಿ ತೆಳ್ಳಗೆ ಕಲಸಿ, ಉದ್ದ ಹಿಡಿಯ ಕಬ್ಬಿಣದ ಅಚ್ಚಿನೊಳಗೆ ಹುಯ್ದು, ಕೆಂಡದ ಮೇಲೆ ಹಿಡಿಯುವರು. ಕಾಗದದಂತೆ ತೆಳುವಾದ ಬಿಳಿಯ ರೊಟ್ಟಿ ಬರುವುದು. ಅದನ್ನು ದುಂಡಗೆ ಕತ್ತರಿಸಿ ಡಬ್ಬಿಗೆ ತುಂಬುವರು. ಗೋಧಿ ಮತ್ತು ನೀರು, ಇವೆರಡರ ಹೊರತು ಬೇರೇನೂ ಅದಕ್ಕೆ ಸೇರಕೂಡದೆಂಬುದು ಧರ್ಮಸಭೆಯ ನಿಯಮ.

ಈ ಕೆಲಸಕ್ಕೆ ಮದರಮ್ಮನವರು ಚೌರಮ್ಮ ಎಂಬವಳನ್ನು ಇಟ್ಟುಕೊಂಡಿದ್ದರು. ಮಕ್ಕಳಾಗಲಿಲ್ಲವೆಂದು ಗಂಡ ಬಿಟ್ಟವಳು. ಚಿಕ್ಕಂದಿನಿಂದ ರೇಷ್ಮೆ ಬಿಚ್ಚುವ ಕಡೆ ಕುದಿನೀರಿನಲ್ಲಿ ಬೆರಳಾಡಿಸಿ ಬೆಳೆದವಳಾದ್ದರಿಂದ ಬಿಸಿಗೆ ಅಂಜುತ್ತಿರಲಿಲ್ಲ. ಜ್ಞಾನೋಪದೇಶದ ಪಾಠಕ್ಕೆ ಅವಳನ್ನು ಯಾರೂ ಕಳುಹಿಸಿರಲಿಲ್ಲ. ತವರಿನ ಬಾಗಿಲು ಮುಚ್ಚಿತ್ತು, ಮಠವೊಂದೇ ಅವಳ ನೆಲೆಯಾಗಿತ್ತು.

ಊರಿನಲ್ಲಿ ಧರ್ಮದ ಪಾಠ ಹೇಳುವ ಉಪದೇಶಿ ಇನ್ನಾಸಪ್ಪನವರಿಗೆ ಇದು ಮೊದಲಿನಿಂದಲೂ ಸರಿಕಾಣಲಿಲ್ಲ. ಆಗ ನಮ್ಮೂರಿನಲ್ಲಿ ನೆಲೆಸಿದ ಗುರುಗಳಿರಲಿಲ್ಲ. ಬಲಿಪೂಜೆಗೆ ಮಾತ್ರ ಬೇರೆ ಊರಿನಿಂದ ಬರುತ್ತಿದ್ದರು. ಉಳಿದ ದಿನಗಳಲ್ಲಿ ದೇವಾಲಯದಲ್ಲಿ ಉಪದೇಶಿಯವರದೇ ಮಾತು. ರೊಟ್ಟಿಯ ಡಬ್ಬಿಗಳನ್ನು ಸೈಕಲ್ಲಿನಲ್ಲಿ ಹನ್ನೊಂದು ಊರಿಗೆ ಮುಟ್ಟಿಸುತ್ತಿದ್ದವರೂ ಅವರೇ.

"ಗಂಡನ ಒಲೆ ಹಚ್ಚೋಕಾಗದೋಳು ದೇವರ ಒಲೆ ಹಚ್ತಾಳಾ, ಮದರಮ್ಮ?" ಎಂದು ಅವರು ಒಮ್ಮೆ ಚೌರಮ್ಮನ ಎದುರಿಗೇ ಕೇಳಿದ್ದುಂಟು.

"ಅಚ್ಚು ಚೆನ್ನಾಗಿ ಹಿಡೀತಾಳೆ, ಇನ್ನಾಸಪ್ಪ" ಎಂದಷ್ಟೇ ಹೇಳಿ ಮದರಮ್ಮನವರು ಕೆಲಸಕ್ಕೆ ತಿರುಗಿದ್ದರು.

ಆ ವರ್ಷ ಈಸ್ಟರ್ ಹಬ್ಬದ ಹಿಂದಿನ ಪವಿತ್ರ ವಾರಕ್ಕೆ ಮುಂಚೆ ಕಲ್ಲುಕ್ವಾರಿಯ ಕೂಲಿಯವರ ಗುಡಿಸಲುಗಳಲ್ಲಿ ವಾಂತಿಭೇದಿ ಹಬ್ಬಿತು. ಮದರಮ್ಮನವರು ಸಿಸ್ಟರುಗಳೊಡನೆ ಅಲ್ಲಿಯೇ ನಾಲ್ಕು ದಿನ ಉಳಿದು ರೋಗಿಗಳ ಸೇವೆ ಮಾಡಿದರು. ಮಠದಲ್ಲಿ ಚೌರಮ್ಮ ಒಬ್ಬಳೇ ಹಬ್ಬದ ರೊಟ್ಟಿಯನ್ನೆಲ್ಲ ಸುಟ್ಟು, ಕತ್ತರಿಸಿ, ಡಬ್ಬಿಗೆ ತುಂಬಿದಳು.

ಸೋಮವಾರ ಮಧ್ಯಾಹ್ನ, ಸಿಸ್ಟರುಗಳು ಆಗ ತಾನೆ ಹಿಂದಿರುಗಿ ಕೈಕಾಲು ತೊಳೆಯುತ್ತಿದ್ದಾಗ, ಇನ್ನಾಸಪ್ಪನವರು ಸೈಕಲ್ಲನ್ನು ಅಂಗಳದಲ್ಲಿ ಕೆಡವಿ ಒಳಗೆ ಬಂದರು. ಮೂರನೆಯ ಊರಿನ ಗುರುಗಳು ರೊಟ್ಟಿ ಕೆಂಪಗಿರುವುದನ್ನು ಕಂಡು, ಒಂದನ್ನು ಮುರಿದು ಬಾಯಿಗಿಟ್ಟು ನೋಡಿ, ಡಬ್ಬಿಯನ್ನು ಎಲ್ಲರೆದುರಿಗೆ ಅವರ ಕೈಗೆ ಹಿಂದಿರುಗಿಸಿದ್ದರು.

"ಉಪ್ಪು ಹಾಕವ್ಳೆ! ಹಾಲು ಹಾಕವ್ಳೆ! ಬಿಸ್ಕತ್ತು ಮಾಡೋಕೆ ಇಟ್ಕೊಂಡಿದ್ರಾ ಇವಳ್ನ? ಮೂವತ್ತು ವರ್ಷದಲ್ಲಿ ನನ್ನ ಡಬ್ಬಿ ಯಾರೂ ವಾಪಸ್ ಕೊಟ್ಟಿರ್ಲಿಲ್ಲ ಮದರಮ್ಮ!"

ಚೌರಮ್ಮ ಒಲೆಯ ಬಳಿ ನಿಂತಿದ್ದಳು. ಮದರಮ್ಮನವರು ಅವಳ ಹತ್ತಿರ ಹೋಗಿ ಮೆಲ್ಲನೆ ಕೇಳಿದರು: "ಉಪ್ಪು ಯಾಕೆ ಹಾಕಿದೆ, ಮಗಳೇ?"

"ನಮ್ಮ ಕಡೆ ಸಾವಿನ ಮನೇಲಿ ಕಣಮ್ಮ ಉಪ್ಪಿಲ್ದೆ ಉಣ್ಣೋದು. ನೀವಿದ್ದಾಗ ನೀವೇ ಕಲಸಿ ಕೊಡ್ತಿದ್ರಿ, ನಂಗೆ ಗೊತ್ತಾಗ್ಲಿಲ್ಲ. ಮೊನ್ನೆ ಒಂದು ಚೂರು ಬಾಯಿಗಿಟ್ಟು ನೋಡ್ದೆ, ಸಪ್ಪಗಿತ್ತು. ಇಷ್ಟು ದೊಡ್ಡ ಹಬ್ಬ, ದೇವರಿಗೆ ಸಪ್ಪೆ ರೊಟ್ಟಿ ಕೊಡೋದಾ ಅಂತ... ಹಾಲು ನನ್ನ ಪಾಲಿಂದು, ಮಠದ್ದಲ್ಲ."

ಕಿರಿಯ ಸಿಸ್ಟರೊಬ್ಬರು ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮದರಮ್ಮನವರು ನಗಲಿಲ್ಲ. "ನಿಯಮ ನಿನಗೆ ಯಾರಾದರೂ ಹೇಳಿದ್ದರೇನು?" ಎಂದು ಕೇಳಿದರು. ಚೌರಮ್ಮ ಇಲ್ಲವೆಂದು ತಲೆಯಾಡಿಸಿದಳು.

ಇನ್ನಾಸಪ್ಪನವರು ತಮ್ಮ ತೀರ್ಪನ್ನು ಅಲ್ಲಿಯೇ ಹೇಳಿದರು. ಹಳೆಯ ಕಾಲದಲ್ಲಿ ನಮ್ಮ ಕಡೆ ಒಂದು ಕಟ್ಟಳೆಯಿತ್ತು. ದೇವಾಲಯಕ್ಕೆ ಅಪಚಾರ ಮಾಡಿದವರು ಪವಿತ್ರ ಗುರುವಾರದಂದು ಬಾಗಿಲ ಮುಂದೆ ಮೊಣಕಾಲೂರಿ, ಒಳಗೆ ಹೋಗುವ ಪ್ರತಿಯೊಬ್ಬರ ಕ್ಷಮೆ ಬೇಡಬೇಕು. "ಅವಳು ಮೊಣಕಾಲೂರ್ಲಿ. ಆಮೇಲೆ ಬಸ್ಸು ಹತ್ತಲಿ" ಎಂದರು.

ಚೌರಮ್ಮನಿಗೆ ಮೊಣಕಾಲೂರುವುದು ದೊಡ್ಡದೆನಿಸಲಿಲ್ಲ. ಆದರೆ ಬಸ್ಸು ಹತ್ತಿ ಅವಳು ಹೋಗಬೇಕಾದ ಊರು ಯಾವುದೂ ಇರಲಿಲ್ಲ. ಮದರಮ್ಮನವರು ಪ್ರಾರ್ಥನಾ ಕೋಣೆಗೆ ಹೋಗಿ ಪರಮಪ್ರಸಾದದ ಎದುರು ಬಹಳ ಹೊತ್ತು ಕುಳಿತರು. ಹೊರಬಂದವರೇ ಚಪ್ಪಲಿ ಮೆಟ್ಟಿ, ಆಗಲೇ ಡಬ್ಬಿ ತಲುಪಿದ್ದ ಎರಡು ಊರಿಗೂ ಬಿಸಿಲಿನಲ್ಲಿ ತಾವೇ ನಡೆದು, ಗುರುಗಳಿಗೆ ವಿಷಯ ತಿಳಿಸಿ ರೊಟ್ಟಿಯನ್ನು ಹಿಂದಕ್ಕೆ ತಂದರು. ನಾಲ್ಕು ದಿನ ನಿದ್ದೆಯಿಲ್ಲದ ದೇಹವದು. ಆ ರೊಟ್ಟಿಯನ್ನು ಕ್ವಾರಿಯ ಮಕ್ಕಳಿಗೆ ಹಂಚಿಸಿದರು. ಮಠದವರ ಊಟಕ್ಕೆಂದು ಇಟ್ಟಿದ್ದ ಗೋಧಿಯನ್ನು ತೆಗೆಸಿ, ಮಂಗಳವಾರ ಮತ್ತು ಬುಧವಾರ ಐವರೂ ಸರದಿಯಂತೆ ಬೀಸಿದರು. ಅಚ್ಚನ್ನು ಮಾತ್ರ ಚೌರಮ್ಮನ ಕೈಗೇ ಕೊಟ್ಟರು. ಗುರುವಾರ ಬೆಳಗಿನೊಳಗೆ ಹನ್ನೊಂದು ಡಬ್ಬಿಗಳೂ ಸೇರಬೇಕಾದಲ್ಲಿಗೆ ಸೇರಿದವು.

ಗುರುವಾರ ಸಂಜೆ ಬಲಿಪೂಜೆಗೆ ಜನ ಸೇರಿತು. ಇನ್ನಾಸಪ್ಪನವರು ಜರಿಯಂಚಿನ ಪಂಚೆಯುಟ್ಟು ಬಾಗಿಲಲ್ಲಿ ನಿಂತಿದ್ದರು. ಚೌರಮ್ಮ ಬಟ್ಟೆಯ ಗಂಟೊಂದನ್ನು ಗೋಡೆಗೊರಗಿಸಿಟ್ಟು, ತಲೆಯ ಮೇಲೆ ಸೆರಗು ಹೊದ್ದು ಮೊಣಕಾಲೂರಿದಳು. "ಬಾಯ್ಬಿಟ್ಟು ಹೇಳು, ಎಲ್ಲರಿಗೂ ಕೇಳ್ಸೋ ಹಾಗೆ" ಎಂದು ಉಪದೇಶಿಯವರು ಗದರಿದರು.

ಅಷ್ಟರಲ್ಲಿ ಸಿಸ್ಟರುಗಳು ಮಠದಿಂದ ಸಾಲಾಗಿ ಬಂದರು. ಮುಂದಿದ್ದ ಮದರಮ್ಮನವರು ಬಾಗಿಲನ್ನು ದಾಟಲಿಲ್ಲ. ಚೌರಮ್ಮನ ಮುಂದೆ, ಬಂದವರೆಲ್ಲ ಮೊದಲು ತಮ್ಮನ್ನೇ ಕಾಣುವಂತೆ, ಬಾಗಿಲ ಮುಂದಿನ ಒರಟು ಕಲ್ಲಿನ ಮೇಲೆ ಮೊಣಕಾಲೂರಿ ಕೈಮುಗಿದರು.

"ಒಲೆ ಇವಳದು, ಕಲಿಸುವ ಕೆಲಸ ನನ್ನದು. ನಾನು ಕಲಿಸಲಿಲ್ಲ. ನೀವೆಲ್ಲರೂ ನನ್ನನ್ನು ಕ್ಷಮಿಸಬೇಕು."

ಇಷ್ಟೇ ಅವರ ಮಾತು. ಹಿರಿಯರು ತಮ್ಮ ತಪ್ಪನ್ನು ಒಪ್ಪಿಕೊಳ್ಳುವಾಗ ಕಿರಿಯರು ನಿಂತಿರಬಾರದೆಂಬುದು ಮಠದ ರೂಢಿ. ನಾಲ್ವರು ಸಿಸ್ಟರುಗಳೂ ಅವರ ಹಿಂದೆ ಮೊಣಕಾಲೂರಿದರು. ನಮ್ಮೂರಿನ ಅರ್ಧ ಜನ ಆ ಕೈಗಳಲ್ಲಿ ಹುಟ್ಟಿದವರು. ಒಳಗೆ ಹೋಗಲು ಯಾರಿಗೆ ಕಾಲು ಬಂದೀತು? ಮೊದಲು ಹೆಂಗಸರು, ಆಮೇಲೆ ಗಂಡಸರು, ಅಂಗಳದ ಮಣ್ಣಿನಲ್ಲಿಯೇ ಮೊಣಕಾಲೂರಿದರು. ಕೊನೆಗೆ ನಿಂತೇ ಉಳಿದವರು ಇನ್ನಾಸಪ್ಪನವರೊಬ್ಬರೇ.

ಅವರು ಮದರಮ್ಮನವರ ಕಡೆಗೆ ನೋಡಿದರು. ಅವರ ಮುಖದಲ್ಲಿ ಉಪದೇಶಿಯವರನ್ನು ಚುಚ್ಚುವ ಭಾವವೇನೂ ಇರಲಿಲ್ಲ. ನಿಜವಾಗಿಯೂ ಕ್ಷಮೆ ಬೇಡುತ್ತಿದ್ದ ಮುಖವದು. ಆಗ ಇನ್ನಾಸಪ್ಪನವರಿಗೆ ಒಂದು ಮಾತು ನಾಟಿತಂತೆ: ಊರಿನಲ್ಲಿ ಜ್ಞಾನೋಪದೇಶ ಕಲಿಸಬೇಕಾದ ಉಪದೇಶಿ ತಾನು. ಎರಡು ವರ್ಷಗಳಿಂದ ಕಣ್ಣೆದುರಿಗಿದ್ದ ಹೆಣ್ಣುಮಗಳಿಗೆ ತಾನು ಒಂದಕ್ಷರವನ್ನೂ ಕಲಿಸಿರಲಿಲ್ಲ. ಅವರ ಕಾಲು ತಾನಾಗಿ ಬಾಗಿತು. ಜರಿಯ ಪಂಚೆ ಮಣ್ಣಾಯಿತು. ಅಷ್ಟು ಜನರ ನಡುವೆ, ಚೌರಮ್ಮನಿಗೆ ಕೇಳಿಸುವಂತೆ ಅವರು ಹೇಳಿದರು: "ತಪ್ಪಾಯ್ತು ಕಣವ್ವ. ಗಂಟು ಒಳಗಿಡು ಹೋಗು."

ಬಲಿಪೂಜೆಗೆ ಬಂದ ಗುರುಗಳು ಅಂಗಳದಲ್ಲಿ ಮಂಡಿಯೂರಿದ್ದ ಜನರನ್ನು ಕಂಡು, ಕಾರಣ ತಿಳಿಯದೆ ತಾವೂ ಒಂದು ಗಳಿಗೆ ತಲೆಬಾಗಿ ನಿಂತರು.

ಈಸ್ಟರ್ ಕಳೆದ ಸೋಮವಾರ ಇನ್ನಾಸಪ್ಪನವರು ಮಠದ ಹಿತ್ತಿಲಿಗೆ ಬಂದು, "ಗೋಧಿ ಕೊಡಿ ಮದರಮ್ಮ, ಇನ್ಮೇಲೆ ಬೀಸೋದು ನಾನು" ಎಂದರು. ಮದರಮ್ಮನವರು ಬೇಡವೆನ್ನಲಿಲ್ಲ, ಮೊರವನ್ನು ಮುಂದಕ್ಕೆ ತಳ್ಳಿದರು. ಗಂಡಸು ಬೀಸುವ ಕಲ್ಲಿನ ಮುಂದೆ ಕುಳಿತಿದ್ದನ್ನು ನಮ್ಮೂರು ಅದಕ್ಕೆ ಮೊದಲು ಕಂಡಿರಲಿಲ್ಲ. ಗೂಟದ ಒಂದು ಕಡೆ ಉಪದೇಶಿಯವರು, ಇನ್ನೊಂದು ಕಡೆ ಚೌರಮ್ಮ. ಅವರು ಒಂದೊಂದೇ ಮಂತ್ರ ಹೇಳಿಕೊಡುವರು, ಅವಳು ಹೇಳುವಳು. ಅದೇ ಅವಳ ಜ್ಞಾನೋಪದೇಶದ ಪಾಠವಾಯಿತು.

ಬೇಲಿಯಾಚೆ ಹೋಗುತ್ತಿದ್ದ ಸಂತಿಯಾಗಪ್ಪ ಎಂಬವನು ಒಂದು ದಿನ ತಡೆಯಲಾರದೆ ಕೂಗಿದನು: "ಏನ್ ಉಪದೇಶಿಗಳೇ, ಬೀಸೋ ಪದಾನೂ ಬತ್ತದಾ?"

"ಅಲ್ಲಿ ನಿಂತು ಹಲ್ಲು ಕಿರೀಬ್ಯಾಡ, ಬಂದು ಗೋಧಿ ಕೇರು!" ಎಂದು ಇನ್ನಾಸಪ್ಪನವರು ಕಲ್ಲು ನಿಲ್ಲಿಸದೆ ಕೂಗಿದರು. ಸಂತಿಯಾಗಪ್ಪ ನಗುತ್ತ ಬೇಲಿ ದಾಟಿ ಒಳಗೆ ಬಂದು ಮೊರವನ್ನು ಎತ್ತಿಕೊಂಡನು.