ಹತ್ತಿರ ಹೋದಷ್ಟೂ ದೂರ

“ಡಂ ಡಂ ಡಂ! ಕೇಳ್ರಪ್ಪೋ ಕೇಳಿ! ದೊರೆ ಚೆಲುವರಾಯರ ಅಪ್ಪಣೆ! ದೊರೆಗಳ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪು ಹೇಳಿದವರ ತಲೆ ಅಮಾವಾಸ್ಯೆಯ ಹೊತ್ತು ಮುಳುಗುವಾಗ ನೆಲಕ್ಕೆ ಉರುಳುತ್ತದೆ! ಆಮೇಲೆ ಹೇಳಲಿಲ್ಲ ಅನ್ನಬೇಡಿ!”

ಒಗಟು ಯಾವುದರದ್ದು ಅಂತೀರಿ? ಗಾಲ್ಫ್ ಆಟದ್ದು! ದೊರೆಗೆ ಆ ಆಟದ ಹುಚ್ಚು. ಅವನ ಅಪ್ಪನಿಗೆ ಯಾವನೋ ಹಡಗಿನ ವರ್ತಕ ಅಂಗೈಯಗಲದ ಪೆಟ್ಟಿಗೆಯೊಂದನ್ನು ಕೊಟ್ಟಿದ್ದ. ಈಗಿನವರು ಜಿಪಿಎಸ್ ಅನ್ನುತ್ತಾರಲ್ಲ, ಅದೇ. ನಿಂತಲ್ಲಿಂದ ಚೆಂಡು ಬೀಳಬೇಕಾದ ಗುಂಡಿ ಎಷ್ಟು ಗಜ ದೂರ ಎಂದು ಅದು ಅಂಕೆ ತೋರಿಸುತ್ತದೆ. ಅಪ್ಪ ತೀರಿಕೊಂಡ ಮೇಲೆ ಚೆಲುವರಾಯ ಬಯಲಿನಲ್ಲಿ ಹೊಸ ಗುಂಡಿ ತೋಡಿಸಿದ, ಬಾವುಟ ನೆಡಿಸಿದ, ಪೆಟ್ಟಿಗೆ ಹೇಳಿದಷ್ಟೇ ದೂರಕ್ಕೆ ಬೀಸಿ ಹೊಡೆದ. ಚೆಂಡು ಹೋಗಿ ನಡುವಿನ ಕೊಳಕ್ಕೆ ಗುಳುಂ! ಮಾರನೆಯ ದಿನವೂ ಗುಳುಂ.

ಕೊಳಕ್ಕೆ ಮುಳುಗಿ ಆ ಚೆಂಡುಗಳನ್ನು ಹೆಕ್ಕಿ ತರುವವನು ಬೆಸ್ತರ ಕರಿಗ. ನೀರಿನೊಳಗೆ ಮೀನು, ನೆಲದ ಮೇಲೆ ಪೆದ್ದ ಎಂದು ಎಲ್ಲರೂ ಅವನನ್ನು ಆಡಿಕೊಳ್ಳುತ್ತಿದ್ದರು. ಅವನಿಗೆ ಇದ್ದವನು ಅಣ್ಣ ಭರಮನೊಬ್ಬನೇ. ಆ ಅಣ್ಣನೋ, ಬಾಯಿ ಬಿಗಿಹಿಡಿಯಲಾರದ ಆಸಾಮಿ. ಡಂಗುರ ಕೇಳಿದ್ದೇ ತಡ, ಮೀಸೆ ತಿರುವಿಕೊಂಡು ಅರಮನೆಗೆ ಹೋಗಿ, ತಪ್ಪು ಹೇಳಿ ಸೆರೆಮನೆ ಸೇರಿದ. ಅಮಾವಾಸ್ಯೆ ಬಂದೇಬಿಟ್ಟಿತು. ಕರಿಗ ಒದ್ದೆ ಪಂಚೆಯಲ್ಲೇ, ಬಯಲಿನಲ್ಲಿ ಚೆಂಡು ಹೊಡೆಯುತ್ತಿದ್ದ ದೊರೆಯ ಮುಂದೆ ಹೋಗಿ ನಿಂತ.

ದೊರೆ ತನ್ನ ಹೊಟ್ಟೆಯುರಿಯ ಒಗಟನ್ನೇ ಮೊದಲು ಕೇಳಿದ. “ಪೆಟ್ಟಿಗೆ ನೂರೈವತ್ತು ಗಜ ಅನ್ನುತ್ತದೆ. ನನ್ನ ತೋಳು ಸರಿಯಾಗಿ ನೂರೈವತ್ತು ಗಜಕ್ಕೆ ಹೊಡೆಯುತ್ತದೆ. ಗುಂಡಿ ಇದ್ದಲ್ಲೇ ಇದೆ. ಆದರೂ ಚೆಂಡು ನೀರಿಗೆ. ಸುಳ್ಳು ಹೇಳುತ್ತಿರುವುದು ಯಾರು?”

“ಹಿಂದಿನವರು ಏನಂದ್ರು, ಬುದ್ಧಿ?”

“ಪಂಡಿತ ಪೆಟ್ಟಿಗೆ ಅಂದ. ನಮ್ಮ ಅಪ್ಪಾಜಿಯ ಪೆಟ್ಟಿಗೆ ಸುಳ್ಳು ಹೇಳುತ್ತದೆಯೇ? ದಳಪತಿ ನನ್ನ ತೋಳು ಅಂದ, ಅವನಿಗೆಷ್ಟು ಕೊಬ್ಬು! ನಿನ್ನಣ್ಣ ಗುಂಡಿ ಅಂದ. ಗುಂಡಿಯೇನು ಎದ್ದು ಓಡಾಡುತ್ತದೆಯೇ? ಮೂವರೂ ಒಳಗಿದ್ದಾರೆ.”

ಕರಿಗನಿಗೆ ತಲೆ ಗಿರ್ರೆಂದಿತು. ಇರುವುದೇ ಮೂರು ಉತ್ತರ, ಮೂರೂ ತಪ್ಪು! ಇನ್ನು ಅವನು ಹೇಳುವುದಾದರೂ ಏನು? “ತಲೆ ಕೆಟ್ಟು ಕೆರ ಹಿಡಿದೈತೆ ಬುದ್ಧಿ. ಮಿಕ್ಕ ಎರಡನ್ನ ಮೊದಲು ಕೇಳಿ” ಎಂದು ಕೈಮುಗಿದ.

“ಆಗಲಿ. ಈ ಪೆಟ್ಟಿಗೆ ಬಯಲಲ್ಲಿ ಮಾತಾಡುತ್ತದೆ, ಸೂರಿನಡಿ ಮೂಗ. ಏಕೆ?”

“ನಾವೂ ದೋಣೀಲಿ ಚುಕ್ಕಿ ನೋಡಿಯೇ ದಾರಿ ಹಿಡಿಯೋದು. ಇದೂ ಮೇಲೆ ಯಾರನ್ನೋ ಕೇಳಿ ಹೇಳ್ತದೇನೋ. ಸೂರು ಅಡ್ಡ ಬಂದ್ರೆ ಯಾರನ್ನ ಕೇಳೀತು?”

ದೊರೆ ಹುಬ್ಬೇರಿಸಿದ. “ಒಂದು ಗುಂಡಿಗೆ ಇದು ಮೂರು ದೂರ ತೋರಿಸುತ್ತದೆ. ಮೂರೂ ಬೇರೆ, ಮೂರೂ ನಿಜ. ಹೇಗೆ?”

“ಕೊಳ ಎಷ್ಟು ದೂರ ಅಂತ ಕೇಳಿದ್ರೆ ನಾನೂ ತಬ್ಬಿಬ್ಬಾಗ್ತೀನಿ. ಈಚೆ ದಡವೋ, ನಡುನೀರೋ, ಆಚೆ ದಡವೋ? ಗುಂಡಿ ಸುತ್ತ ಹಸಿರು ಹಾಸು ಐತಲ್ಲ ಬುದ್ಧಿ, ಅದಕ್ಕೂ ಈಚೆ, ನಡು, ಆಚೆ ಇರಬೇಕು.”

“ಭಲೆ! ಈಗ ಮೊದಲಿನದಕ್ಕೆ ಬಾ.”

ಹೊತ್ತು ವಾಲುತ್ತಿತ್ತು. ಕರಿಗ ಪೆಟ್ಟಿಗೆಯ ಕಡೆ ಕೈಚಾಚಿ, “ಅದನ್ನ ಒಂದ್ಸಲ ಕೈಲಿ ಹಿಡೀಲಾ ಬುದ್ಧಿ?” ಎಂದ. ದೊರೆ ನಿಂತಲ್ಲೇ ನಿಂತು ಹೊಡೆಯುವವನು. ಪೆಟ್ಟಿಗೆಯ ಅಂಕೆ ನೋಡಿಕೊಂಡು ಒಂದು ಹೆಜ್ಜೆಯನ್ನೂ ನಡೆದವನಲ್ಲ. ಗೊಣಗುತ್ತಲೇ ಕೊಟ್ಟ.

ಕರಿಗ ಬಾವುಟದ ಕಡೆ ನಡೆದ. ನೂರೈವತ್ತು ಇದ್ದದ್ದು ನೂರರವತ್ತಾಯಿತು! ಕಣ್ಣುಜ್ಜಿಕೊಂಡು ಇನ್ನೂ ಮುಂದೆ ಹೋದ. ಅಂಕೆ ಮತ್ತೂ ಏರಿತು. “ಅಯ್ಯಯ್ಯಪ್ಪಾ! ಹತ್ತಿರ ಹೋದಷ್ಟೂ ದೂರ ಅಂತದಲ್ಲ!” ಏನೂ ತೋಚದೆ ಅವನು ಹಿಂದಕ್ಕೆ ತಿರುಗಿದ. ಅಂಕೆ ಇಳಿಯಿತು. ಅದು ಇಳಿದ ಕಡೆಗೇ ಹೆಜ್ಜೆ ಹಾಕಿದ, ದೊರೆಯನ್ನು ದಾಟಿದ, ಬಯಲನ್ನೂ ದಾಟಿದ. ದೊರೆ ಏದುಸಿರು ಬಿಡುತ್ತ ಹಿಂದೆ ಬಂದ. ನಡುವಿನ ಅಂಕೆ ಹತ್ತಕ್ಕೆ ಬಂದಾಗ ಎದುರಿಗೆ ಸೆರೆಮನೆಯ ಗೋಡೆ! ಬಾಗಿಲು ತೆಗೆಸಿ ಒಳಗೆ ಕಾಲಿಟ್ಟರೆ ಪೆಟ್ಟಿಗೆ ಮೂಗನಾಯಿತು.

“ಸೂರು ತೆಗೆಸಿ ಬುದ್ಧಿ.”

“ಸೆರೆಮನೆಯ ಸೂರನ್ನೇ? ನಿನಗೇನು ತಲೆ ನೆಟ್ಟಗಿದೆಯೋ?”

“ಇಲ್ಲಾಂದ್ರೆ ಇದು ಬಾಯಿ ಬಿಡಲ್ಲ. ಒಗಟು ನಿಮ್ಮದೇ ಅಲ್ವಾ!”

ದೊರೆಗೆ ಉತ್ತರ ಬೇಕೇ ಬೇಕಿತ್ತು. ಹೆಂಚು ಇಳಿಸಿದರು, ತೊಲೆ ಕಳಚಿದರು. ಆಕಾಶ ಕಂಡಿತು, ಪೆಟ್ಟಿಗೆಗೆ ಮಾತು ಬಂತು. ಆರು, ಮೂರು, ಸೊನ್ನೆ! ಸೊನ್ನೆ ಬಂದ ಜಾಗದಲ್ಲಿ ಹುಲ್ಲು ಹಾಸಿಕೊಂಡು ಭರಮ ಕೂತಿದ್ದ.

“ಏನ್ಲಾ ತಮ್ಮ, ನನ್ನ ಬಿಡಿಸೋಕೆ ಸೂರನ್ನೇ ಕಿತ್ತುಬಿಟ್ಯಾ?”

“ಏಳಣ್ಣ ಮೇಲೆ. ನಿನ್ನ ಕೆಳಗೆ ಏನೈತೆ?”

“ಏನಿರ್ತದೆ? ದುಂಡನೇ ಗುಂಡಿಯೊಂದೈತೆ. ಚೊಂಬು ಇಟ್ರೆ ಅಲ್ಲಾಡಲ್ಲ, ಬೋ ಅನುಕೂಲ.”

ಹುಲ್ಲು ಸರಿಸಿ ಚೊಂಬು ಎತ್ತಿದರು. ನೆಲದಲ್ಲಿ ಅಚ್ಚುಕಟ್ಟಾದ ಹಳೆಯ ಗಾಲ್ಫ್ ಗುಂಡಿ. ದೊರೆ ಮಂಡಿಯೂರಿ ಅದರ ಅಂಚು ಸವರಿದ. “ಇದು ಅಪ್ಪಾಜಿಯ ಗುಂಡಿ. ನಾನು ಪಟ್ಟಕ್ಕೆ ಬಂದವನು ಹಿಂದೆಮುಂದೆ ನೋಡದೆ ಇದರ ಮೇಲೇ ಸೆರೆಮನೆ ಕಟ್ಟಿಸಿಬಿಟ್ಟೆ” ಎಂದ. ಅವನ ಕಣ್ಣು ತುಂಬಿ ಬಂತು.

ಕರಿಗನಿಗೆ ಆಗ ತಾನೇ ಅರ್ಥವಾಗುತ್ತಿತ್ತು. ತೊದಲುತ್ತಲೇ ಹೇಳಿದ: “ಹಂಗಾದ್ರೆ ಯಾರೂ ಸುಳ್ಳು ಹೇಳಿಲ್ಲ ಬುದ್ಧಿ. ಪೆಟ್ಟಿಗೆ ತನಗೆ ಗೊತ್ತಿದ್ದ ಗುಂಡಿಯ ದೂರ ಹೇಳ್ತು. ನಿಮ್ಮ ತೋಳು ಅದು ಹೇಳಿದಷ್ಟು ಹೊಡೀತು. ನೀವು ನೋಡ್ತಿದ್ದ ಗುಂಡಿಯೇ ಬೇರೆ, ಅದು ಕೊಳದಾಚೆ ಇನ್ನೂ ದೂರ. ಇದಕ್ಕೆ ಹೊಸ ಗುಂಡಿಯ ಗುರುತು ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇಯ.”

“ಗೆದ್ದೆಯಪ್ಪ! ಏನು ಬೇಕು, ಕೇಳು.”

“ನನ್ನಣ್ಣನ ತಲೆ, ಅವನ ಮೈಮೇಲೇ ಇರಲಿ. ಪಂಡಿತರದ್ದೂ ದಳಪತಿಗಳದ್ದೂ ಹಂಗೇ.”

ದೊರೆ ಮೂವರನ್ನೂ ಬಿಟ್ಟ, ಕೊಳದ ಮೀನಿನ ಹಕ್ಕನ್ನೂ ಕರಿಗನಿಗೆ ಬರೆದುಕೊಟ್ಟ. ಸೆರೆಮನೆಗೆ ಮತ್ತೆ ಸೂರು ಹೊದಿಸಲಿಲ್ಲ, ಗೋಡೆಯನ್ನೂ ಕೆಡವಿ ಅಪ್ಪನ ಗುಂಡಿಗೇ ಬಾವುಟ ನೆಡಿಸಿದ. ಮಾರನೆಯ ದಿನ ಊರಿಗೆ ಊರೇ ನೋಡಲು ನೆರೆಯಿತು. ಪೆಟ್ಟಿಗೆ ನೂರೈವತ್ತು ಅಂದಿತು. ದೊರೆ ಕೊಳಕ್ಕೆ ಬೆನ್ನು ಹಾಕಿ ನಿಂತು ಬೀಸಿದ. ಚೆಂಡು ತಲೆಯ ಮೇಲಿಂದ ಹಿಂದಕ್ಕೆ ಹಾರಿ ಕೊಳಕ್ಕೆ ಗುಳುಂ!

ದೊರೆ ದಳಪತಿಯ ಕಡೆ ಓರೆಗಣ್ಣಲ್ಲಿ ನೋಡಿ, “ಇವತ್ತು ಮಾತ್ರ ತೋಳೇ ಕಣಯ್ಯ” ಎಂದು ಗೊಳ್ಳೆಂದು ನಕ್ಕ. ಕರಿಗ ಪಂಚೆ ಎತ್ತಿಕಟ್ಟಿ ನೀರಿಗಿಳಿದ.