ಎಂಜಲುಬಂಡೆಗೆ ಆ ಹೆಸರು ಬಂದದ್ದು

ಅತ್ತಿಕೋಟೆಯ ಬಸ್ ನಿಲ್ದಾಣದಲ್ಲಿ ಇಳಿದು, ಪಟ್ಟಣ ಪಂಚಾಯಿತಿ ಕಚೇರಿಯ ಪಕ್ಕದ ಓಣಿ ಹಿಡಿದು ಕೋಟೆಯ ಕಡೆಗೆ ನಡೆದರೆ, ಹೆಬ್ಬಾಗಿಲು ಸಿಗುವ ಮೊದಲೇ ಎಡಗಡೆ ಒಂದು ದೊಡ್ಡ ಹಾಸುಬಂಡೆ ಕಾಣುತ್ತದೆ. ಅದರ ತಲೆಯ ಮೇಲೆ ಹುಣಸೆಮರದ ದಟ್ಟ ನೆರಳಿದೆ. ಬೇಸಗೆಯಲ್ಲಿ ಮನೆಕಂದಾಯ ಕಟ್ಟಲು ಬಂದವರ ಸಾಲು ಕಚೇರಿಯ ಮೆಟ್ಟಿಲಿಳಿದು ಓಣಿಯವರೆಗೂ ಬರುತ್ತದೆ. ಜನ ತಲೆಯ ಮೇಲೆ ಟವೆಲ್ ಹಾಕಿಕೊಂಡು ಬಿಸಿಲಿನಲ್ಲಿ ಬೇಯುತ್ತಾರೆಯೇ ಹೊರತು ಆ ನೆರಳಿಗೆ ಹೋಗಿ ಬಂಡೆಯ ಮೇಲೆ ಕೂರುವುದಿಲ್ಲ. ಯಾರಾದರೂ ಕೂತಿದ್ದರೆ ಪರಸ್ಥಳದವರೆಂದು ತಿಳಿಯುತ್ತೇವೆ. ಈಚೆಗೆ ಯಾರೋ ಮಹನೀಯರು ಅಲ್ಲೊಂದು ಹಸಿರು ಫಲಕ ನೆಡಿಸಿ ‘ಅಂಜಲಿ ಬಂಡೆ’ ಎಂದು ಬರೆಸಿದ್ದಾರೆ. ಹಿಂದಿನ ರಾಣಿಯೊಬ್ಬಳು ಇಲ್ಲಿ ನಿಂತು ಸೂರ್ಯನಿಗೆ ಕೈಮುಗಿಯುತ್ತಿದ್ದಳಂತೆ. ಯಾವ ರಾಣಿಯೂ ಇಲ್ಲಿ ಕೈಮುಗಿಯಲಿಲ್ಲ. ಇದು ಎಂಜಲುಬಂಡೆ. ನೇಕಾರರ ಓಣಿಯಲ್ಲಿ ಹುಟ್ಟಿ ಬೆಳೆದ ನನ್ನ ಅಜ್ಜಿ ಈ ಹೆಸರನ್ನು ಹೇಳುವಾಗ ಮುಖ ಸಿಂಡರಿಸುತ್ತಿದ್ದಳು. ಹೆಸರು ಕೇಳಲು ಚೆನ್ನಾಗಿಲ್ಲ, ನಿಜ. ಇಲ್ಲಿ ನಡೆದದ್ದೂ ಚೆನ್ನಾಗಿರಲಿಲ್ಲ. ಅದನ್ನು ತೊಳೆದು, ಗಂಧ ಹಚ್ಚಿ, ರಾಣಿಯ ಕಥೆ ಮಾಡುವವರನ್ನು ಕಂಡರೆ ನನಗೆ ಇನ್ನಷ್ಟು ಅಸಹ್ಯವಾಗುತ್ತದೆ.

ಹಿಂದೆ ಒಮ್ಮೆ ಈ ಕೋಟೆಯನ್ನು ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ ಹೊಲಕ್ಕೆ ಮಾತ್ರವಲ್ಲ, ಮನೆಗೂ ತೆರಿಗೆಯಿತ್ತು. ಎರಡು ಕಂಬಗಳ ನಡುವಿನ ಜಾಗಕ್ಕೆ ಅಂಕಣವೆನ್ನುತ್ತಾರಷ್ಟೆ. ಮನೆಗೆ ಎಷ್ಟು ಅಂಕಣವೋ ಅಷ್ಟು ತೆರಿಗೆ. ಯಾವ ಓಣಿಯಲ್ಲಿ ಯಾರ ಮನೆ, ಅದಕ್ಕೆ ಅಂಕಣವೆಷ್ಟು ಎಂಬುದೆಲ್ಲ ಕಡತದಲ್ಲಿರುತ್ತಿತ್ತು. ಆಗಿನ ಕಡತವೆಂದರೆ ಕಾಗದದ್ದಲ್ಲ. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಿಳಿಯ ಬಳಪದಲ್ಲಿ ಬರೆಯುತ್ತಿದ್ದರು. ಬರೆದದ್ದು ನೂರು ವರ್ಷ ಉಳಿಯುತ್ತದೆ ಎನ್ನುತ್ತಾರೆ. ಒದ್ದೆಯ ಬೆರಳು ತಾಗಿದರೆ ಮಾತ್ರ ಒಂದು ಕ್ಷಣವೂ ಉಳಿಯದು.

ಆ ಕಡತ ಭೀಮರಸನೆಂಬ ಕರಣಿಕನ ಕೈಯಲ್ಲಿತ್ತು. ದಿನವೂ ಬೆಳಿಗ್ಗೆ ಈ ಬಂಡೆಯ ಮೇಲೆ ಚಾಪೆ ಹಾಸಿಸಿ, ಒರಗುದಿಂಬಿಗೆ ಆನಿಕೊಂಡು ಲೆಕ್ಕಕ್ಕೆ ಕೂರುತ್ತಿದ್ದ. ಬಾಯಿ ತುಂಬ ಎಲೆಯಡಿಕೆ. ಮಾತಾಡಿದರೆ ಎದುರು ನಿಂತವರ ಮೇಲೆ ಕೆಂಪು ಹನಿ ಸಿಡಿಯುತ್ತಿತ್ತು. ಯಾರೂ ಒರೆಸಿಕೊಳ್ಳುವಂತಿರಲಿಲ್ಲ, ಒರೆಸಿಕೊಂಡರೆ ಅವನಿಗೆ ಸಿಟ್ಟು. ಅಳಿಸುವುದಕ್ಕೆಂದು ಅರಮನೆಯವರು ನೀರಿನ ಬಟ್ಟಲನ್ನೂ ಹತ್ತಿಯ ಉಂಡೆಯನ್ನೂ ಕೊಟ್ಟಿದ್ದರು. ಅವನು ಅವನ್ನು ಮುಟ್ಟುತ್ತಿರಲಿಲ್ಲ. ಹೆಬ್ಬೆರಳನ್ನು ಬಾಯೊಳಗಿಟ್ಟು ತೇವ ಮಾಡಿ, ಕಡತದ ಮೇಲೆ ಉಜ್ಜಿ, ಉಜ್ಜಿದ ಜಾಗದಲ್ಲಿ ಹೊಸ ಅಂಕಿ ಬರೆಯುತ್ತಿದ್ದ. ಹೀಗೆ ಬೇಕಾದವರ ಮನೆ ಚಿಕ್ಕದಾಗುತ್ತಿತ್ತು. ಹಾಗೆ ಕಡಿಮೆ ಬಿದ್ದದ್ದನ್ನು ತುಂಬಿಸಲು ಹೇಳಕೇಳುವವರಿಲ್ಲದವರ ಮನೆ ದೊಡ್ಡದಾಗುತ್ತಿತ್ತು. ಗೋಡೆ ಅಲ್ಲೇ, ಕಂಬ ಅಲ್ಲೇ, ಸೂರು ಅಲ್ಲೇ. ಕಡತದಲ್ಲಿ ಮಾತ್ರ ಮನೆ ಬೆಳೆಯುತ್ತಿತ್ತು.

ನೇಕಾರರ ಓಣಿಯಲ್ಲಿ ಮಾಳವ್ವನೆಂಬ ಹೆಂಗಸಿದ್ದಳು. ಗಂಡ ತೀರಿಕೊಂಡ ಮೇಲೆ ಅವನ ಮಗ್ಗಕ್ಕೆ ತಾನೇ ಕೂತು ಸೀರೆ ನೇಯುತ್ತಿದ್ದವಳು. ನಾಲ್ಕು ಅಂಕಣದ ಮನೆ ಅವಳದು. ಎರಡರಲ್ಲಿ ಮಗ್ಗ, ಎರಡರಲ್ಲಿ ಸಂಸಾರ. ಒಂದು ವರ್ಷ ತೆರಿಗೆ ಕಟ್ಟಲು ಬಂದಾಗ ಭೀಮರಸ ಆರು ಅಂಕಣವೆಂದು ಓದಿದ.

“ನಂದು ನಾಕು ಅಂಕಣದ ಮನೆ, ಸ್ವಾಮಿ. ಹೋದ ವರ್ಷ ನೀವೇ ನಾಕು ಅಂತ ಓದಿದ್ರಿ,” ಎಂದಳು ಮಾಳವ್ವ.

“ಈಗ ಆರಿದೆ.”

“ಆರು ಎಲ್ಲಿಂದ ಬಂದ್ವು? ಒಂದು ಸಲ ಬಂದು ನೋಡಿ. ಇಲ್ಲಾ, ಆ ಕಡತ ಇತ್ತ ತಿರುಗಿಸಿ, ಓದು ಬಲ್ಲೋರನ್ನ ಕರ್ಕೊಂಡು ಬಂದು ನೋಡಿಸ್ತೀನಿ.”

ಭೀಮರಸ ನಕ್ಕ. “ಇದು ಅರಮನೆಯ ಕಡತ. ಕಂಡಕಂಡವರೆಲ್ಲ ನೋಡೋದಕ್ಕೆ ಇದೇನು ನಿಮ್ಮ ಸಂತೆ ಸೀರೆಯಾ?” ಎಂದ. ಅಷ್ಟು ಹೇಳಿ, ಅವಳು ನೋಡುತ್ತಿರುವಂತೆಯೇ ಹೆಬ್ಬೆರಳನ್ನು ಚೀಪಿ, ಮುಂದಿನ ಮನೆಯ ಸಾಲನ್ನು ಉಜ್ಜಿದ. ಅದು ಪಕ್ಕದ ಗಾಣಿಗರ ಓಣಿಯ ಸಂಕಣ್ಣನ ಮನೆ. ಮರೆಮಾಡಬೇಕೆಂದೂ ಅವನಿಗೆ ಅನ್ನಿಸಲಿಲ್ಲ. ಇವಳು ಕಂಡರೆ ತಾನೇ ಏನಾದೀತು! ಕಳ್ಳತನವನ್ನು ಮಾಳವ್ವ ಕಂಡಿದ್ದಳು, ಕಳ್ಳರು ಹೆದರುವುದನ್ನೂ ಕಂಡಿದ್ದಳು. ಹೆದರದೆ, ಹಲ್ಲು ಕಿರಿಯುತ್ತ, ಮನುಷ್ಯರ ಮನೆಮಾರನ್ನು ಎಂಜಲಲ್ಲಿ ಒರೆಸಿಹಾಕುವವನನ್ನು ಕಂಡದ್ದು ಅದೇ ಮೊದಲು. ಅವಳು ನಾಲ್ಕು ಅಂಕಣದ ತೆರಿಗೆಯನ್ನು ಬಂಡೆಯ ಮೇಲಿಟ್ಟು ಮನೆಗೆ ಬಂದಳು.

ಉಳಿದ ಎರಡು ಅಂಕಣದ ತೆರಿಗೆ ಬಾಕಿಯೆಂದು ಸ್ವಲ್ಪ ದಿನಕ್ಕೆ ಅರಮನೆಯ ಆಳುಗಳು ಬಂದರು. ಅವಳನ್ನು ಹೊರಗೆ ನಿಲ್ಲಿಸಿ, ಬಾಗಿಲಿಗೆ ಜಾಲಿಮುಳ್ಳು ಬಡಿದರು. ಆಗಿನ ಕಾಲಕ್ಕೆ ಅದೇ ಜಪ್ತಿ. ಒಳಗೆ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಹಾಗೇ ಇತ್ತು. ಓಣಿಯವರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ನೋಡಿದರು. ಸಂಕಣ್ಣನೊಬ್ಬ ಬಂದು, ತನ್ನ ಗಾಣದ ಮಾಡಿನಲ್ಲಿ ಇರಲು ಜಾಗ ಕೊಟ್ಟ. “ನಂದೂ ಎರಡು ಅಂಕಣ ಬೆಳೆದೈತಂತೆ, ಅಕ್ಕ. ನಾನು ಕಟ್ಟಿಬಿಟ್ಟೆ. ಅವರ ಸಂಗಡ ಯಾರು ಜಗಳ ಆಡ್ತಾರೆ?” ಎಂದ. ಮಾಳವ್ವ ಅವನನ್ನು ಬಯ್ಯಲಿಲ್ಲ. ಅಂದು ಅವನ ಮನೆಯಲ್ಲಿ ಮುದ್ದೆ ತಟ್ಟೆಗೆ ಬಂದರೂ ಅವಳಿಗೆ ಉಣ್ಣಲು ಆಗಲಿಲ್ಲವಂತೆ. ಕೈ ಬಾಯಿಗೆ ಹೋದರೆ ಆ ಕೆಂಪು ಹೆಬ್ಬೆರಳು ಕಣ್ಣಿಗೆ ಕಟ್ಟುತ್ತಿತ್ತಂತೆ.

ಆಗ ಆಳುತ್ತಿದ್ದವನು ಗಿರಿಯಪ್ಪ ನಾಯಕ. ವಯಸ್ಸು ಚಿಕ್ಕದು, ನ್ಯಾಯವಂತನೆಂದು ಹೆಸರು ಪಡೆಯುವ ಆಸೆ ದೊಡ್ಡದು. ಅವನು ಕುದುರೆಯೇರಿ ಹೆಬ್ಬಾಗಿಲು ದಾಟುವಾಗ ಮಾಳವ್ವ ದಾರಿಗೆ ಅಡ್ಡ ನಿಂತಳು. ಮನೆ ಬಿಡಿಸಿ ಕೊಡಿ ಎನ್ನಲಿಲ್ಲ, ತೆರಿಗೆ ಮನ್ನಾ ಮಾಡಿ ಎನ್ನಲೂ ಇಲ್ಲ. “ನಮ್ಮ ನಮ್ಮ ಮನೆ ಬಗ್ಗೆ ಕಡತದಾಗೆ ಏನು ಬರದೈತೋ ಅದನ್ನ ನಮಗೆ ಕೇಳಿಸೋ ಹಂಗೆ ಒಂದು ಸಲ ಓದಿಸಿ, ಬುದ್ಧಿ. ಅಷ್ಟೇ ಸಾಕು,” ಎಂದಳು. ಇಷ್ಟು ಸಣ್ಣ ಕೋರಿಕೆಯೇ ಎಂದು ನಾಯಕನಿಗೆ ಆಶ್ಚರ್ಯವಾಯಿತು. “ಓದಿಸೋಣ. ಅದರಲ್ಲೇನಿದೆ?” ಎಂದು ಅಲ್ಲೇ ಮಾತು ಕೊಟ್ಟ. ಅದರಲ್ಲೇನಿದೆ ಎಂಬುದು ಅವನಿಗೂ ತಿಳಿದಿರಲಿಲ್ಲ ಎನ್ನುತ್ತಾರೆ. ನನ್ನ ಅಜ್ಜಿ ಈ ಮಾತನ್ನು ನಂಬುತ್ತಿರಲಿಲ್ಲ.

ಸಂತೆಯ ದಿನ ಊರೆಲ್ಲ ಬಂಡೆಯ ಸುತ್ತ ನೆರೆಯಿತು. ನಾಯಕನಿಗೆ ಪೀಠ ಹಾಕಿದರು. ಭೀಮರಸ ಕಡತ ಬಿಚ್ಚಿ ಒಂದೊಂದೇ ಮನೆಯನ್ನು ಓದತೊಡಗಿದ. ಮಾಳವ್ವನ ಮನೆ ಬಂದಾಗ ಅವನ ದನಿ ಸ್ವಲ್ಪ ತಡೆಯಿತು. ಮಡಿಕೆ ತಿರುಗಿಸುವ ನೆಪದಲ್ಲಿ ಹೆಬ್ಬೆರಳನ್ನು ಬಾಯಿಗಿಟ್ಟು, ಕಡತದ ಮೇಲೆ ಒಮ್ಮೆ ಎಳೆದು, ಬಳಪ ಆಡಿಸಿ, “ನೇಕಾರ ಮಾಳವ್ವ, ನಾಲ್ಕು ಅಂಕಣ,” ಎಂದು ಓದಿದ. ಇದರಿಂದ ಅವಳ ಬಾಯಿ ಮುಚ್ಚುತ್ತದೆಂದು ಅವನ ಎಣಿಕೆ.

“ನಾಕು ಅಂತ ಓದಿದ್ರಿ. ನಾಕಕ್ಕೆ ನಾನು ಕಟ್ಟಿದೀನಿ. ಹಂಗಾದ್ರೆ ನನ್ನ ಬಾಗಿಲಿಗೆ ಮುಳ್ಳು ಯಾಕೆ ಬಡಿಸಿದ್ರಿ?” ಎಂದು ಮಾಳವ್ವ ಕೇಳಿದಳು.

ಭೀಮರಸ ಕಡತ ಮಡಚಲು ಹೋದ. ನಾಯಕ ಕೈಚಾಚಿ ಕಡತವನ್ನು ತೆಗೆದುಕೊಂಡ. ಉಜ್ಜಿದ ಜಾಗ ಇನ್ನೂ ಹಸಿಯಾಗಿತ್ತು. ಹುಣಸೆಯ ಅಂಟಿಗೆ ಉಗುಳು ಸೇರಿ ನಾಯಕನ ಬೆರಳು ಅಲ್ಲಿಯೇ ಹತ್ತಿಕೊಂಡಿತು; ಬಿಡಿಸಿಕೊಂಡಾಗ ಬೆರಳ ತುದಿಯಲ್ಲಿ ಕೆಂಪು ಲೋಳೆ. ಅವನು ಬೆಚ್ಚಿ ಕಡತವನ್ನು ಬಂಡೆಯ ಮೇಲೆ ಬಿಟ್ಟುಬಿಟ್ಟ. ಕಡತ ಉದ್ದಕ್ಕೂ ಬಿಚ್ಚಿಕೊಂಡು ಬಿತ್ತು. ಬಿದ್ದ ತಕ್ಷಣ ಎಲ್ಲಿದ್ದವೋ ನೊಣಗಳು ಬಂದು ಕೂತವು. ಎಲ್ಲೆಲ್ಲಿ ಉಜ್ಜಿದ್ದನೋ ಅಲ್ಲೆಲ್ಲ ಕಪ್ಪು ಬಣ್ಣ ಹೋಗಿ, ತುಕ್ಕಿನಂಥ ಕಲೆ ಮಿರುಗುತ್ತಿತ್ತು. ನೊಣಗಳು ಆ ಕಲೆಗಳನ್ನೇ ಹುಡುಕಿ ಮುತ್ತಿದವು. ನೇಕಾರರ ಓಣಿಯ ಮೇಲೆ ನೊಣ, ಗಾಣಿಗರ ಓಣಿಯ ಮೇಲೆ ನೊಣ, ಕುಂಬಾರರ ಓಣಿಯ ಮೇಲೆ ನೊಣ. ಅಕ್ಷರ ಬಾರದವರೂ ಅಂದು ಕಡತವನ್ನು ಓದಿದರು. ಮುಂದೆ ನಿಂತಿದ್ದ ಹೆಂಗಸೊಬ್ಬಳು ಸೆರಗನ್ನು ಬಾಯಿಗೊತ್ತಿಕೊಂಡು ಪಕ್ಕಕ್ಕೆ ಓಡಿ ವಾಂತಿ ಮಾಡಿಕೊಂಡಳಂತೆ.

ಕಡತದ ಮೊದಲ ಮಡಿಕೆಯಲ್ಲಿ ನೊಣಗಳ ಹಿಂಡೇ ಇತ್ತು. ಅದು ಕೋಟೆಯೊಳಗಿನ ಮನೆಗಳ ಮಡಿಕೆ. ಭೀಮರಸ ಅದನ್ನು ಓದಿರಲೇ ಇಲ್ಲ. “ಅದನ್ನೂ ಓದಿ, ದೊರೆ,” ಎಂದಳು ಮಾಳವ್ವ. ನಾಯಕ ಬಗ್ಗಿ ನೋಡಿದ. ಜನ ಕಾದರು. ಕೊನೆಗೆ ತಗ್ಗಿದ ದನಿಯಲ್ಲಿ ಓದಿದ: “ದಳವಾಯಿ ಹಿರೇವೀರಪ್ಪ ನಾಯಕ, ಹುಲ್ಲಿನ ಮಾಡು, ಒಂದು ಅಂಕಣ.” ದಳವಾಯಿ ಹಿರೇವೀರಪ್ಪನೆಂದರೆ ನಾಯಕನ ಸ್ವಂತ ಚಿಕ್ಕಪ್ಪ. ಅವನ ಮಹಡಿಮನೆ ಅಲ್ಲಿಂದಲೇ, ಹೆಬ್ಬಾಗಿಲ ಪಕ್ಕದಲ್ಲೇ, ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಆನೆ ನಿಲ್ಲುವಂಥ ತೊಟ್ಟಿ, ತಬ್ಬಿದರೂ ಸಾಲದ ಕಂಬಗಳು. ಯಾರೂ ನಗಲಿಲ್ಲ. ನಾಯಕ ನೀರು ತರಿಸಿ ಕೈ ತೊಳೆದ, ಮತ್ತೆ ತೊಳೆದ. ಕೈಯಲ್ಲಿ ಏನೂ ಉಳಿಯದಿದ್ದರೂ ತೊಳೆಯುತ್ತಲೇ ಇದ್ದ.

ಭೀಮರಸನ ಕರಣಿಕತನ ಅಂದಿಗೆ ಹೋಯಿತು. ಮಾಳವ್ವನ ಬಾಗಿಲ ಮುಳ್ಳು ತೆಗೆಸುವುದಾಗಿಯೂ, ಹೊಸ ಬಟ್ಟೆಯ ಮೇಲೆ ಹೊಸ ಕಡತ ಬರೆಸುವುದಾಗಿಯೂ ನಾಯಕ ಹೇಳಿದ. ಮಾಳವ್ವ ಒಪ್ಪಲಿಲ್ಲ. “ಬಟ್ಟೆ ಮೇಲೆ ಬರೆದದ್ದು ನಾಳೆ ಬರೋರ ಉಗುಳಿಗೂ ಅಳಿಸ್ತದೆ, ಬುದ್ಧಿ. ಈ ಬಂಡೆ ಮೇಲೇ ಕೆತ್ತಿಸಿ. ನಮಗೆ ಓದೋಕೆ ಬರಲ್ಲ. ಗೆರೆ ಹಾಕಿಸಿ, ಎಣಿಸ್ಕೊಂತೀವಿ. ಕೆತ್ತೋಗಂಟ ಈ ಓಣಿಯಿಂದ ಒಂದು ಕಾಸೂ ಬರಲ್ಲ,” ಎಂದಳು. ಹಿಂದೆಯೇ ಸಂಕಣ್ಣ, “ನಮ್ಮ ಓಣಿಯಿಂದಲೂ ಬರಲ್ಲ,” ಎಂದ. ಬಾಗಿಲಲ್ಲಿ ನಿಂತು ನೋಡಿದವರೆಲ್ಲ ಈಗ ಬಾಯಿಬಿಟ್ಟರು. ನಾಯಕ ಒಪ್ಪಿಕೊಂಡ. ಊರ ಹೆಂಗಸರು ಸಗಣಿನೀರು ಹೊತ್ತು ತಂದು ಬಂಡೆಯನ್ನು ಉಜ್ಜಿ ತೊಳೆದರು. ಎಷ್ಟು ತೊಳೆದರೂ ಅವರಿಗೆ ಮನಸ್ಸು ಒಪ್ಪಲಿಲ್ಲ. ಅಂದಿನಿಂದ ಎಂಜಲುಬಂಡೆಯೆಂಬ ಹೆಸರು ನಿಂತಿತು, ಅದರ ಮೇಲೆ ಕೂರುವುದೂ ಅಂದಿಗೇ ನಿಂತಿತು.

ಕಲ್ಲುಕುಟಿಗನು ಓಣಿಯಿಂದ ಓಣಿಗೆ ಹೋಗಿ, ಮನೆಯವರನ್ನು ಎದುರಿಗೆ ನಿಲ್ಲಿಸಿಕೊಂಡು ಅಂಕಣ ಎಣಿಸಿ ಬಂದು ಕೆತ್ತಿದ. ಕಡೆಗೆ ಕೋಟೆಯೊಳಗಿನ ಮನೆಗಳು ಉಳಿದವು. ದಳವಾಯಿಯ ಮನೆಯ ಗುರುತಿಗೆ ಕೊಡೆಯ ಚಿತ್ರ ಬಿಡಿಸಿ, ಒಂದು ಗೆರೆ ಹಾಕಿ, ಎರಡನೆಯದಕ್ಕೆ ಉಳಿ ಇಟ್ಟಿದ್ದನಷ್ಟೆ. ದಳವಾಯಿಯ ಆಳುಗಳು ಬಂದು ಅವನ ಕೈಯಿಂದ ಉಳಿ ಕಿತ್ತುಕೊಂಡರು. ಜನ ನಾಯಕನ ಬಳಿಗೆ ಓಡಿದರು. ಮೂರೂ ಸಂಜೆಯ ಹೊತ್ತು. ಊಟಕ್ಕೆ ಕೂತಿದ್ದಾರೆ, ಈಗ ಆಗದು ಎಂದು ಬಾಗಿಲವನು ಹೇಳಿದ. ಮರುದಿನವೂ ಆಗಲಿಲ್ಲ, ಅದರ ಮರುದಿನವೂ ಆಗಲಿಲ್ಲ. ಭೀಮರಸನಿಗಿಂತ ಈ ನಾಯಕನನ್ನು ನೆನೆದರೇ ನನಗೆ ಹೆಚ್ಚು ಹೇಸಿಗೆ. ಅವನಾದರೋ ಹೆಬ್ಬೆರಳನ್ನು ಎಲ್ಲರೆದುರೇ ಚೀಪುತ್ತಿದ್ದ. ಇವನು ತೊಳೆದ ಕೈಯಲ್ಲಿ ಊಟಕ್ಕೆ ಕೂತ. ಮಾಳವ್ವ ತನ್ನ ಮನೆಗೆ ಮರಳಿ ಅರ್ಧ ನಿಂತಿದ್ದ ಸೀರೆಯನ್ನು ನೇಯ್ದು ಮುಗಿಸಿದಳು. ಬದುಕಿರುವವರೆಗೂ ನಾಲ್ಕು ಅಂಕಣಕ್ಕೆ ಮೀರಿ ತೆರಿಗೆ ಕಟ್ಟಲಿಲ್ಲ. ಆ ಓಣಿಯವರಲ್ಲಿ ಯಾರೂ ಬಂಡೆಯ ಗೆರೆಗೆ ಮೀರಿ ಕಟ್ಟಲಿಲ್ಲ ಎನ್ನುತ್ತಾರೆ.

ಇಂದಿಗೂ ಬಂಡೆಯ ಮೇಲೆ ಹತ್ತಿ ನೋಡಿದರೆ ಸಾಲುಸಾಲಾಗಿ ಗೆರೆಗಳು ಕಾಣುತ್ತವೆ. ಮಗ್ಗದ ಚಿತ್ರದ ಮುಂದೆ ನಾಲ್ಕು, ಗಾಣದ ಚಿತ್ರದ ಮುಂದೆ ಐದು, ಗಡಿಗೆಯ ಮುಂದೆ ಎರಡು, ಹೀಗೆ. ಪ್ರವಾಸಿಗರು ಅವನ್ನು ಯಾವುದೋ ಆಟದ ಮನೆಗಳೆಂದುಕೊಂಡು ಫೋಟೊ ತೆಗೆಯುತ್ತಾರೆ. ಬಂಡೆಯ ಮೂಡಣ ತುದಿಯಲ್ಲಿ ಒಂದು ಕೊಡೆಯಿದೆ. ಅದರ ಮುಂದೆ ಒಂದೇ ಗೆರೆ, ಆಮೇಲೆ ಉಳಿಯ ಒಂದು ಚುಕ್ಕೆ, ಆಮೇಲೆ ಬಂಡೆ ಮುಗಿಯುವವರೆಗೂ ಏನೂ ಇಲ್ಲ. ಅಲ್ಲಿ ನಿಂತು ತಲೆಯೆತ್ತಿದರೆ ಹೆಬ್ಬಾಗಿಲ ಪಕ್ಕದಲ್ಲಿ ದಳವಾಯಿಯ ಮಹಡಿಮನೆಯ ಪಾಯ ಕಾಣುತ್ತದೆ. ಗೋಡೆಗಳು ಬಿದ್ದುಹೋಗಿವೆ, ಕಂಬದ ಕಲ್ಲುಗಳು ಮಾತ್ರ ಸಾಲಾಗಿ ಉಳಿದಿವೆ. ನೋಡಲು ಬಂದವರು ಯಾರನ್ನೂ ಕೇಳಬೇಕಾಗಿಲ್ಲ. ಅಂಕಣಗಳನ್ನು ನಿಂತಲ್ಲಿಂದಲೇ ಎಣಿಸಬಹುದು.