ದೊರೆಯ ರೂಟರಿಗೆ ಸ್ನೇಹ ಕುದುರಿಸಿದ ಪುಟ್ಟೀರಿ

"ಕೇಳ್ರಪ್ಪೋ ಕೇಳಿ! ಹಾಲಗಿರಿಯ ದೊರೆ ವೀರಚಾಮಪ್ಪನವರ ಅಪ್ಪಣೆ! ಅರಮನೆಯ ರೂಟರಿಗೂ ಬಿಳಿಕಲ್ಲುಕೋಟೆಯ ರೂಟರಿಗೂ ಸ್ನೇಹ ಕೂಡುತ್ತಿಲ್ಲ. ಆ ಬಗ್ಗೆ ಮೂರು ಒಗಟು ಕೇಳಲಾಗುವುದು. ಬಿಡಿಸಿದವರಿಗೆ ಅರ್ಧ ರಾಜ್ಯ! ತಪ್ಪಿದವರ ತಲೆ ಅಮಾವಾಸ್ಯೆಗೆ ಉರುಳುವುದು!"

ಹೀಗೆ ಡಂಗುರ ಹೊಡೆಸಿದವನು ಬುದ್ಧಿವಂತ ಅಂತ ನಾನೇನೂ ಹೇಳೋಲ್ಲ. ರಿಪೇರಿ ಮಾಡೋಕೆ ಬಂದವರ ತಲೆ ತೆಗೆದರೆ ರಿಪೇರಿ ಮಾಡೋರು ಯಾರು? ಆದರೆ ದೊರೆಯ ಸಂಕಟ ದೊರೆಗೆ. ಒಬ್ಬಳೇ ಮಗಳು ದೇವೀರಮ್ಮಣ್ಣಿಯನ್ನು ಘಟ್ಟದಾಚೆಯ ಬಿಳಿಕಲ್ಲುಕೋಟೆಗೆ ಕೊಟ್ಟಿದ್ದ. ಘಟ್ಟದ ದಾರಿ ಕುಸಿದಿತ್ತು, ಉಳಿದದ್ದು ಒಂದೇ ಒಂದು ಫೋನ್ ಲೈನು. ಅದರ ಎರಡು ತುದಿಗೂ ರೂಟರು ಅನ್ನುವ ಪೆಟ್ಟಿಗೆ ಕೂರಿಸಿದ್ದರು. ಯಾವ ಊರಿನ ಓಲೆ ಯಾವ ದಾರಿ ಹಿಡಿಯಬೇಕೆಂದು ಪೆಟ್ಟಿಗೆಗಳು ತಾವೇ ಫೋನ್ ಮಾಡಿ ಒಂದನ್ನೊಂದು ಕೇಳಿಕೊಳ್ಳಬೇಕು. ಅವೆರಡಕ್ಕೂ ಸ್ನೇಹವಾದರೆ ಹಸಿರು ದೀಪ. ದೀಪ ಹತ್ತಲೂ ಇಲ್ಲ, ಬಸುರಿ ಮಗಳ ಓಲೆ ಬರಲೂ ಇಲ್ಲ.

ಮೊದಲ ಒಗಟು ಹೀಗಿತ್ತು: "ಹೇಳುವ ಸುದ್ದಿ ಒಂದೂ ಇಲ್ಲ, ಆದರೂ ಫೋನು ಇಡುವುದೇ ಇಲ್ಲ. ಇಟ್ಟ ಗಳಿಗೆಯಲ್ಲೇ ಮತ್ತೆ ಎತ್ತುತ್ತದೆ. ಏನು ಆ ಮಾತು?"

ಆಸ್ಥಾನದ ಕವಿ "ವಿರಹ" ಅಂದ. ಜೋಯಿಸರು "ಶನಿಕಾಟ" ಅಂದರು. ಲೈನ್‌ಮನ್ ಚಿಕ್ಕಮಾದ "ಅತ್ತೆ ಬೈಗುಳ, ಬುದ್ಧಿ" ಅಂದುಬಿಟ್ಟ. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು, ದೊರೆ ನಗಲಿಲ್ಲ. ಮೂವರೂ ಸೆರೆಮನೆ ಸೇರಿದರು.

ಈ ಚಿಕ್ಕಮಾದನ ತಂಗಿಯೇ ಪುಟ್ಟೀರಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಕೇಳಿದವರಿಗೆ ಲೈನು ಕೊಡುವುದು ಅವಳ ಕೆಲಸ. ಅಪ್ಪ ಅಮ್ಮ ಇಲ್ಲದ ಅವಳನ್ನು ಸಾಕಿದವನು ಅದೇ ಅಣ್ಣ. ಅಮಾವಾಸ್ಯೆ ನಾಳೆ ಅನ್ನುವಾಗ ಹುಡುಗಿ ಹೆದರುತ್ತಲೇ ಅರಮನೆಗೆ ಬಂದಳು.

"ತಪ್ಪಿದರೆ ಅಣ್ಣನ ಪಕ್ಕದಲ್ಲೇ ನೀನೂ," ಅಂದ ದೊರೆ.

"ಗೊತ್ತು ಬುದ್ಧಿ. ಅವನಿಲ್ಲದ ಮನೆಗೆ ಹೋಗಿ ನಾನೇನು ಮಾಡ್ಲಿ? ಆ ಲೈನಿಗೆ ನಾನು ಕಿವಿ ಕೊಟ್ಟು ಕೇಳಿದ್ದೀನಿ. ನಾವು ಎದುರು ಸಿಕ್ಕಿದೋರನ್ನ 'ಊಟ ಆಯ್ತಾ' ಅಂತೀವಲ್ಲ, ಅವರು ಏನು ಉಂಡ್ರು ಅಂತ ಯಾರಿಗೆ ಬೇಕು? ನೀನೂ ಇದ್ದೀಯ, ನಾನೂ ಇದ್ದೀನಿ, ಅಷ್ಟೇ. ಪೆಟ್ಟಿಗೆಗಳೂ ಹಂಗೇ ಗಳಿಗೆಗೊಂದ್ಸಲ ಕೇಳ್ತವೆ. ಅದನ್ನ ಕೇಳೋಕೇ ಫೋನ್ ಮಾಡ್ತವೆ, ಅದಕ್ಕೇ ಲೈನಿಗೆ ಬಿಡುವಿಲ್ಲ. ಪರಿಚಯ ಆದ್ಮೇಲೆ ಹೊಸ ಸುದ್ದಿ ಇದ್ರೆ ಮಾತ್ರ ಫೋನ್ ಮಾಡು ಅಂತ ಪೆಟ್ಟಿಗೆಗೆ ಹೇಳ್ಬಿಡಿ."

ಪೆಟ್ಟಿಗೆ ನೋಡಿಕೊಳ್ಳುವ ಕಾರಕೂನ ಹಾಗೇ ಮಾಡಿದ. "ಸರಿ," ಅಂದ ದೊರೆ. "ಆದರೆ ಪರಿಚಯವೇ ಆಗುತ್ತಿಲ್ಲವಲ್ಲ! ಎರಡನೆಯದು ಕೇಳು. ಅವಳ ಮಾತು ನನಗೆ ಕೇಳುತ್ತದೆ, ನನ್ನ ಮಾತು ಅವಳಿಗೆ ಕೇಳುವುದಿಲ್ಲ. ಅವಳು ಕಿವುಡಿಯಲ್ಲ, ನಾನು ಮೂಗನಲ್ಲ. ಯಾಕೆ?"

"ಮುನಿಸು!" ಎಂದು ಹಿಂದಿನಿಂದ ಕೂಗಿದ, ಅರ್ಧ ರಾಜ್ಯಕ್ಕೆ ಬಾಯಿ ಬಿಡುತ್ತ ಕೂತಿದ್ದ ಪಕ್ಕದ ನಾಡಿನ ರಾಜಕುಮಾರ. ಅವನನ್ನೂ ಎಳೆದುಕೊಂಡು ಹೋದರು. ಸುಮ್ಮನಿರೋಕೆ ಏನಾಗಿತ್ತೋ!

ಪುಟ್ಟೀರಿ ಹೇಳಿದಳು: "ಈ 'ಊಟ ಆಯ್ತಾ' ಅನ್ನೋದನ್ನ ಪೆಟ್ಟಿಗೆ ಒಬ್ಬರ ಹೆಸರು ಹಿಡಿದು ಕೇಳಲ್ಲ ಬುದ್ಧಿ, ಬೀದಿಗೆಲ್ಲ ಕೇಳೋ ಹಂಗೆ ಕೂಗ್ತದೆ. ಫೋನಾದ್ರೆ ಒಬ್ಬರ ಕಿವಿಗೇ ಹೋಗೋದು. ಬೀದಿ ಕೂಗನ್ನೂ ಲೈನಿಗೆ ಬಿಡು ಅಂತ ಮೊದಲೇ ಹೇಳಿಡ್ಬೇಕು. ಕೋಟೇಲಿ ಹೇಳಿದ್ದಾರೆ, ಅವರ ಕೂಗು ಇಲ್ಲಿಗೆ ಬರ್ತದೆ. ನಿಮ್ಮೋರು ಹೇಳಿಲ್ಲ. ನಿಮ್ಮ ಕೂಗು ಅರಮನೆ ಒಳಗೇ ಉಳ್ಕೊಂಡದೆ."

ಕಾರಕೂನ ನೋಡಿದ, ತಲೆ ಕೆರೆದುಕೊಂಡ. "ಹೌದು ಬುದ್ಧಿ, ಮರೆತೇಹೋಗಿದೆ." ಅದನ್ನು ಸರಿಮಾಡುತ್ತಿದ್ದಂತೆ ದೀಪ ಮಿಣುಕಿತು. ದೊರೆ ಸಿಂಹಾಸನದಿಂದ ಎದ್ದೇಬಿಟ್ಟ. ದೀಪ ಆರಿತು, ಮಿಣುಕಿತು, ಮತ್ತೆ ಆರಿತು.

"ಇದೇ ಮೂರನೆಯದು," ಅಂದ ದೊರೆ, ದನಿ ಇಳಿದಿತ್ತು. "ಗುರುತು ಸಿಕ್ಕಿತು, ಕ್ಷೇಮ ಕೇಳಿದ್ದಾಯಿತು. ಊರುಗಳ ಸುದ್ದಿ ಕೊಡಲು ಕೂತರೆ ಪ್ರತಿ ಸಲವೂ ಅದೇ ಜಾಗದಲ್ಲಿ ಮಾತು ನಿಲ್ಲುತ್ತದೆ, ಮತ್ತೆ ಮೊದಲಿಂದ ಶುರು. ಜಗಳವಿಲ್ಲ. ಅಡ್ಡ ಬಂದದ್ದೇನು?"

ಇದು ಅವಳಿಗೆ ಗೊತ್ತಿರಲಿಲ್ಲ. ಅಣ್ಣನ ಮುಖ ಕಣ್ಣೆದುರು ಬಂದು ಅಳು ಒತ್ತರಿಸಿತು. ಲೈನಿಗೆ ಫೋನು ತಗುಲಿಸಿ ಕಿವಿಗೆ ಹಿಡಿದು ನಿಂತಳು. ಚಿಕ್ಕ ಮಾತು ಆ ಕಡೆಗೂ ಈ ಕಡೆಗೂ ಓಡಾಡುತ್ತಿತ್ತು. ಇಲ್ಲಿಂದ ಉದ್ದನೆಯದು ಹೊರಟಾಗ ಮಾತ್ರ ಆ ಕಡೆ ಸದ್ದಿಲ್ಲ.

"ಸ್ವಾಮಿ, ನಮ್ಮ ಪೆಟ್ಟಿಗೆ ಒಂದ್ಸಲಕ್ಕೆ ಎಷ್ಟು ದೊಡ್ಡ ಮಾತಿನ ಗಂಟು ಕಟ್ತದೆ?" ಎಂದು ಕಾರಕೂನನನ್ನು ಕೇಳಿದಳು.

"ದೊರೆಗಳ ಪೆಟ್ಟಿಗೆ ಕಣಮ್ಮ. ಎಲ್ಲರಿಗಿಂತ ದೊಡ್ಡ ಗಂಟೇ ಇರಲಿ ಅಂತ ಇಟ್ಟಿದ್ದೀವಿ."

"ಕೋಟೇದು?"

"ಹಳೇದು. ಸಣ್ಣ ಗಂಟೇ ಹಿಡಿಯೋದು."

"ಅಯ್ಯೋ, ಅಷ್ಟೇ ಬುದ್ಧಿ! ಬಾಗಿಲಿಗಿಂತ ಗಂಟು ದೊಡ್ಡದು. ಒಳಕ್ಕೆ ಹೋಗದೆ ಹೊರಗೇ ನಿಲ್ತದೆ. ಎರಡೂ ಕಡೆ ಅಳತೆ ಒಂದೇ ಇರ್ಬೇಕು. ನೀವು ಇಳಿಸ್ಬೇಕು."

ದೊರೆಯ ಮುಖ ಕೆಂಪಾಯಿತು. "ನಾನು ಇಳಿಸಬೇಕೆ? ಅಳಿಯನ ಮನೆಯವರು ಏರಿಸಲಿ!"

ಪುಟ್ಟೀರಿಗೆ ಭಯ ಹೋಗಿ ಸಿಟ್ಟು ಬಂದಿತ್ತು. "ಅವರದು ಹಳೇದು, ಏರಲ್ಲ. ಮಗಳು ಬೇಕೋ, ದೊಡ್ಡ ಗಂಟು ಬೇಕೋ, ನೀವೇ ನೋಡ್ಕಳಿ. ನನ್ನ ತಲೆ ಹೆಂಗೂ ನಿಮ್ಮ ಕೈಲೇ ಅದೆ."

ದೊರೆ ಆರಿದ ದೀಪದ ಹತ್ತಿರ ಹೋಗಿ ನಿಂತ. ಆಮೇಲೆ ಕಾರಕೂನನಿಗೆ ಮೆಲ್ಲಗೆ ಹೇಳಿದ: "ಇಳಿಸಯ್ಯ."

ದೀಪ ಹಸಿರಾಯಿತು, ಹಸಿರಾಗಿಯೇ ನಿಂತಿತು. ಅಷ್ಟು ದಿನ ಆಚೆ ಕಾದು ಕೂತಿದ್ದ ಓಲೆಗಳು ಒಂದರ ಹಿಂದೊಂದು ಬಂದವು. "ಅಪ್ಪಾಜಿ, ಹೆಣ್ಣು ಮಗು. ಮೂಗು ನಿಮ್ಮದೇ. ಬೈಕೋಬೇಡಿ." ದೊರೆ ಸಭೆಯೆದುರೇ ಮುಖ ಮುಚ್ಚಿಕೊಂಡು ಅತ್ತ.

"ಅರ್ಧ ರಾಜ್ಯ ನಿನ್ನದು ಕಣಮ್ಮ."

"ಅದೆಲ್ಲ ಬೇಡ ಬುದ್ಧಿ. ಅಣ್ಣನ್ನ ಬಿಡಿ. ಉಳಿದೋರನ್ನೂ ಬಿಟ್ಬಿಡಿ, ಪಾಪ."

ದೊರೆ ಎಲ್ಲರನ್ನೂ ಬಿಟ್ಟ, ರಾಜ್ಯದ ಲೈನುಗಳ ಉಸ್ತುವಾರಿಯನ್ನು ಸಂಬಳ ಸಮೇತ ಅವಳಿಗೇ ವಹಿಸಿದ. ಚಿಕ್ಕಮಾದ ಸೆರೆಮನೆಯಿಂದ ಕಣ್ಣು ಉಜ್ಜಿಕೊಳ್ಳುತ್ತ ಬಂದವನು ಸಂಗತಿಯೆಲ್ಲ ಕೇಳಿ ಹಣೆ ಚಚ್ಚಿಕೊಂಡ. "ಅರ್ಧ ರಾಜ್ಯ ಬೇಡ ಅಂದ್ಯೇನೇ? ನಿನಗೆ ತಲೆ ಇದೆಯಾ?"

ಪುಟ್ಟೀರಿ ಅವನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. "ನಿನಗೆ ಇದೆಯಲ್ಲ, ಅಷ್ಟು ಸಾಕು. ಹೊತ್ಕೊಂಡು ಮನೆಗೆ ನಡಿ."